ಊರು ಎಲ್ಲಿದೆ ಎಂದು ಕೇಳುವವರಿಗೆ

ಬಯಲುಸೀಮೆಯಿಂದ ವರ್ಗವಾಗಿ ಬಂದವರಿರಲಿ, ಹೊರದೇಶದಿಂದ ನಾಲ್ಕು ತಿಂಗಳು ಇದ್ದು ಹೋಗಲು ಬಂದವರಿರಲಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಗೆ ಹೊಸಬರಾದವರು ನನ್ನಲ್ಲಿ ಮೊದಲು ಕೇಳುವುದು ಒಂದೇ ಪ್ರಶ್ನೆ: “ಊರು ಎಲ್ಲಿದೆ?” ಬಸ್ಸಿನಿಂದ ಇಳಿದರೆ ಎರಡು ಅಂಗಡಿ, ಒಂದು ತಂಗುದಾಣ, ಆಮೇಲೆ ಬರೀ ಹಸಿರು. ನಿಮ್ಮ ಕಣ್ಣಿನದೇನೂ ತಪ್ಪಿಲ್ಲ. ಇಲ್ಲಿ ಮನೆಗಳು ಸಾಲುಗಟ್ಟಿ ನಿಲ್ಲುವುದಿಲ್ಲ. ಒಂದೊಂದು ಮನೆಯೂ ತನ್ನ ತೋಟ, ಗದ್ದೆ, ನೀರಿನ ಪಕ್ಕದಲ್ಲಿ ಬೇರೆಯಾಗಿ ನೆಲೆಸಿದೆ. ಆದ್ದರಿಂದ ಮೊದಲು ನೆಲದ ಏರಿಳಿತವನ್ನು ಗುರುತಿಸಲು ಕಲಿಯೋಣ.

ಅದಕ್ಕೆ ಮೂರು ಮಾತು ಸಾಕು. ಗುಡ್ಡಗಳ ನಡುವೆ, ತೋಡಿನ ಅಂದರೆ ಸಣ್ಣ ಹಳ್ಳದ ಬದಿಯ ತಗ್ಗು ಗದ್ದೆ ‘ಬೈಲು’. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ‘ಮಜಲು’. ಇನ್ನೂ ಮೇಲೆ, ಮಳೆಯನ್ನೇ ನಂಬಿದ್ದು ‘ಬೆಟ್ಟು’. ಮಳೆಗಾಲದ ‘ಏಣೆಲು’ ಬೆಳೆ ಮೂರರಲ್ಲೂ ಬರುತ್ತದೆ. ಎರಡನೆಯ ಬೆಳೆ ‘ಸುಗ್ಗಿ’ಗೆ ಮಜಲಿನವರೆಗೆ ನೀರು ಸಿಗುತ್ತದೆ. ಮೂರನೆಯ ‘ಕೊಳಕೆ’ ಬೈಲಿಗೆ ಮಾತ್ರ ಸಾಧ್ಯ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಬುಕಾನನ್ ಕೂಡ ಗದ್ದೆಗಳ ಈ ಮೂರು ಬಗೆಯನ್ನು ಕೇಳಿ ಬರೆದುಕೊಂಡ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ. ಆದರೂ ಮನೆಗಳ ಹೆಸರಿನ ಕೊನೆಯಲ್ಲಿ ಬೈಲು, ಮಜಲು, ಬೆಟ್ಟು ಉಳಿದಿವೆ. ಹೆಸರು ಕೇಳಿದೊಡನೆ ಇಳಿಯಬೇಕೋ ಹತ್ತಬೇಕೋ ಎಂದು ನಿಮಗೇ ಅಂದಾಜಾಗುತ್ತದೆ. ನನಗೆ ಈ ನಾಡಿನಲ್ಲಿ ಅತಿ ಪ್ರಿಯವಾದ ಸಂಗತಿ ಇದು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು (1430) ಹೇಗೂ ನೋಡುತ್ತೀರಿ. ಅಲ್ಲಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ಹತ್ತಿ ವೇಣೂರಿನಲ್ಲಿ ಇಳಿಯಿರಿ. ಫಲ್ಗುಣಿ ನದಿಯ ಬದಿಯಲ್ಲಿ 1604ರಲ್ಲಿ ಅಜಿಲ ಅರಸರು ನಿಲ್ಲಿಸಿದ ಸುಮಾರು 35 ಅಡಿಯ ಗೊಮ್ಮಟನಿದ್ದಾನೆ. ನೋಡಿದ ಮೇಲೆ ಮರಳುವ ಬಸ್ಸಿಗೆ ಅವಸರ ಮಾಡಬೇಡಿ, ಒಂದಿಷ್ಟು ನಡೆಯಿರಿ.

ನಡೆಯುವಾಗ ಕಟ್ಟಪುಣಿ ಸಿಗುತ್ತದೆ. ಎರಡು ಗದ್ದೆಗಳ ನಡುವಿನ ಮಣ್ಣಿನ ಬದುವಿಗೆ ತುಳುವಿನ ಹೆಸರು ಅದು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಮಣ್ಣಿಗೆ ಊರಿ ನಡೆಯಿರಿ. ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ ಇದ್ದರೆ ಒಬ್ಬೊಬ್ಬರಾಗಿ ದಾಟಿ.

ಮನೆ ಕಂಡಿತೇ? ಅಂಗಳದ ಅಂಚಿನಲ್ಲಿ ಸ್ವಲ್ಪ ನಿಲ್ಲಿ. ಮಳೆ ಮುಗಿದ ಮೇಲಾದರೆ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಸಿಪ್ಪೆ ಸಹಿತ ಸುಮಾರು 40 ದಿನ ಬಿಸಿಲಲ್ಲಿ ಒಣಗಿ ಅದು ಚಾಲಿ ಅಡಿಕೆಯಾಗಬೇಕು. ಅದನ್ನು ತುಳಿಯದೆ, ಬದಿಯಲ್ಲಿ ಬಿಟ್ಟಿರುವ ಸಪೂರ ದಾರಿಯಲ್ಲೇ ಬನ್ನಿ. “ಉಳ್ಳೆರಾ?” ಎಂದು ಕರೆಯಿರಿ, ‘ಇದ್ದಾರೆಯೇ?’ ಎಂದರ್ಥ. “ಬಲೆ” ಎಂದರೆ ‘ಬನ್ನಿ’. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಹಿರಿಯರ ಮುಂದೆ ಕೊನೆಯ ‘ರ್’ ಅನ್ನು ಮರೆಯಬೇಡಿ. ಕೊಂಕಣಿಯ ಮನೆ, ಬ್ಯಾರಿ ಭಾಷೆಯ ಮನೆಯೂ ಪಕ್ಕದಲ್ಲೇ ಇರಬಹುದು. ಅಲ್ಲಿಯೂ ತುಳು, ಕನ್ನಡ ನಡೆಯುತ್ತವೆ.

ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ನಿಮ್ಮ ಮುಂದೆ ಬಂದೀತು. ಮೊದಲು ಬೆಲ್ಲವನ್ನು ಸ್ವಲ್ಪ ಕಚ್ಚಿ, ಆಮೇಲೆ ನೀರು ಕುಡಿಯಿರಿ. ಬಿಸಿಲಲ್ಲಿ ನಡೆದು ಬಂದ ಗಂಟಲಿಗೆ ಅದೆಷ್ಟು ಹಿತವೆಂದು ಆಗ ತಿಳಿಯುತ್ತದೆ. ಹೊರಡುವಾಗ “ಪೋಪೆ” (ಹೋಗುತ್ತೇನೆ) ಎನ್ನಬೇಡಿ. “ಪೋದು ಬರ್ಪೆ” ಎನ್ನಿ: ಹೋಗಿ ಬರುತ್ತೇನೆ. ಮನೆಯವರು ಅಂಗಳ ದಾಟಿ ಸಂಕದವರೆಗೆ ಬಂದು, ಬಸ್ಸು ಎಷ್ಟು ಗಂಟೆಗೆಂದು ಹೇಳಿ ಕಳಿಸುತ್ತಾರೆ.