ಹರ್ನಿಯಾ: ಕಾರಣ, ವಿಧ, ಚಿಕಿತ್ಸೆ

ಹೊಟ್ಟೆಯ ಗೋಡೆ ದುರ್ಬಲವಾದ ಕಡೆ ಒಳಗಿನ ಕೊಬ್ಬು ಅಥವಾ ಕರುಳಿನ ಭಾಗ ಹೊರಚಾಚುವುದೇ ಹರ್ನಿಯಾ. ಹುಟ್ಟಿನಿಂದ ಬಂದ ದೌರ್ಬಲ್ಯ, ವಯಸ್ಸು, ಧೂಮಪಾನ, ಹಿಂದಿನ ಶಸ್ತ್ರಚಿಕಿತ್ಸೆಯ ಗಾಯ ಈ ಗೋಡೆಯನ್ನು ಸಡಿಲಿಸುತ್ತವೆ. ದೀರ್ಘಕಾಲದ ಕೆಮ್ಮು, ಮಲಬದ್ಧತೆ, ಬೊಜ್ಜು, ಗರ್ಭಧಾರಣೆ, ಭಾರ ಎತ್ತುವ ಕೆಲಸ ಒಳಗಿನ ಒತ್ತಡವನ್ನು ಹೆಚ್ಚಿಸುತ್ತವೆ.

ಅತಿ ಸಾಮಾನ್ಯವಾದದ್ದು ತೊಡೆಸಂದಿನ ಇಂಗ್ವೈನಲ್ ಹರ್ನಿಯಾ, ಪುರುಷರಲ್ಲೇ ಹೆಚ್ಚು. ಅದಕ್ಕಿಂತ ಸ್ವಲ್ಪ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ ಕಾಣುವ ಫೆಮೊರಲ್ ಹರ್ನಿಯಾ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಆದರೆ ಮಹಿಳೆಯರಲ್ಲೂ ಒಟ್ಟಾರೆ ಹೆಚ್ಚು ಕಾಣುವುದು ಇಂಗ್ವೈನಲ್ ಹರ್ನಿಯಾವೇ. ಶಿಶುಗಳ ಹೊಕ್ಕುಳ ಹರ್ನಿಯಾ ಬಹುಪಾಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹಯಾಟಸ್ ಹರ್ನಿಯಾದಲ್ಲಿ ಜಠರದ ಭಾಗ ವಪೆಯ ರಂಧ್ರದ ಮೂಲಕ ಎದೆಗೂಡಿಗೆ ಸರಿಯುವುದರಿಂದ ಹೊರಗೆ ಉಬ್ಬು ಕಾಣದು. ಎದೆಯುರಿ ಅದರ ಮುಖ್ಯ ಲಕ್ಷಣ.

ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಸರಿಯುವ ಗಂಟು ಸಾಮಾನ್ಯ ಸುಳಿವು. ಒಳಸರಿಯದೆ ಸಿಕ್ಕಿಕೊಂಡ ಕರುಳಿಗೆ ರಕ್ತಪೂರೈಕೆ ನಿಂತರೆ ಅದು ಸ್ಟ್ರಾಂಗ್ಯುಲೇಷನ್. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು, ಪ್ರಾಣಕ್ಕೇ ಅಪಾಯ. ಈ ಅಪಾಯ ಫೆಮೊರಲ್ ವಿಧದಲ್ಲಿ ಹೆಚ್ಚು.

ವಯಸ್ಕರ ಹರ್ನಿಯಾವನ್ನು ಔಷಧಿ, ಬೆಲ್ಟ್ ವಾಸಿಮಾಡಲಾರವು. ಶಾಶ್ವತ ಪರಿಹಾರ ಶಸ್ತ್ರಚಿಕಿತ್ಸೆ. ಆಧುನಿಕ ವಿಧಾನಕ್ಕೆ 1880ರ ದಶಕದಲ್ಲಿ ಅಡಿಪಾಯ ಹಾಕಿದವರು ಇಟಲಿಯ ಎಡೊಆರ್ಡೊ ಬಸ್ಸಿನಿ. ಅಮೆರಿಕದ ಇರ್ವಿಂಗ್ ಲಿಕ್ಟೆನ್‌ಸ್ಟೈನ್ 1980ರ ದಶಕದಲ್ಲಿ, ಅಂಗಾಂಶವನ್ನು ಬಿಗಿಯಾಗಿ ಎಳೆದು ಹೊಲಿಯದೆ ಜಾಲರಿ ಅಳವಡಿಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ಜಾಲರಿಗೆ ಹೆಚ್ಚಾಗಿ ಬಳಸುವುದು ಪಾಲಿಪ್ರೊಪಿಲೀನ್. ಮರುಕಳಿಕೆಯನ್ನು ಈ ಕ್ರಮ ಗಣನೀಯವಾಗಿ ತಗ್ಗಿಸಿತು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲೂ ಜಾಲರಿಯನ್ನೇ ಇಡುತ್ತಾರೆ.

ಗಂಟು ಗಟ್ಟಿಯಾಗಿ, ತೀವ್ರ ನೋವು, ವಾಂತಿ ಕಾಣಿಸಿದರೆ ಅದನ್ನು ಒತ್ತಿ ಒಳತಳ್ಳಲು ಹೋಗದೆ ಕೂಡಲೇ ಆಸ್ಪತ್ರೆಗೆ ಹೋಗಿ.