ದಯಾಮರಣವೂ ಅಹಿಂಸಾಣುವ್ರತವೂ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸಂಯಮ ಧರ್ಮದ ದಿನ, ಬಸದಿಯಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಶ್ರಾವಿಕೆಯೊಬ್ಬರು ಎದ್ದು ನಿಂತು ಪ್ರಶ್ನೆಯೊಂದನ್ನು ಕೇಳಿದರು. ಅವರ ಮನೆಯಲ್ಲಿ ಹದಿಮೂರು ವರ್ಷದ ನಾಯಿಯಿತ್ತು. ಅದರ ಮುಂಗಾಲಿನ ಎಲುಬಿನಲ್ಲಿ ಕ್ಯಾನ್ಸರ್ ಗಂಟು ಬೆಳೆದು ಶ್ವಾಸಕೋಶಕ್ಕೂ ಹಬ್ಬಿದೆಯೆಂದು ಪಶುವೈದ್ಯರು ನಿರ್ಣಯಿಸಿ, ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕೊನೆಗಾಣಿಸುವುದೇ ಮೇಲೆಂದು ಸಲಹೆ ಮಾಡಿದ್ದರು. ಶ್ರಾವಿಕೆಯ ಪ್ರಶ್ನೆ ಇಷ್ಟೇ: ಗುಣವಾಗದ ರೋಗ ಬಂದಾಗ ಮನುಷ್ಯನು ಸಲ್ಲೇಖನವನ್ನು ಸ್ವೀಕರಿಸಬಹುದೆಂದು ನಮ್ಮ ಆಚಾರ್ಯರೇ ಹೇಳಿರುವಾಗ, ಬಾಯಿಲ್ಲದ ಪ್ರಾಣಿಗೆ ಆ ಬಿಡುಗಡೆಯನ್ನು ನಾವೇಕೆ ಕೊಡಬಾರದು?

ನಾನು ಅಂದು "ಕೂಡದು" ಎಂದಷ್ಟೇ ಹೇಳಿ ಕುಳಿತೆನು. ಉತ್ತರ ತಪ್ಪಾಗಿರಲಿಲ್ಲ, ಆದರೆ ಒಂದು ಪದದಲ್ಲಿ ಹೇಳಿ ಮುಗಿಸತಕ್ಕ ಉತ್ತರವೂ ಅದಾಗಿರಲಿಲ್ಲ. ಆ ಕೊರತೆಯನ್ನು ತುಂಬುವ ಸಲುವಾಗಿ ಈ ಲೇಖನ.

ಮೊದಲು, ಚರ್ಚಿಸುವ ಕ್ರಿಯೆ ಯಾವುದೆಂಬುದನ್ನು ತಿಳಿದಿರಬೇಕು. ವೈದ್ಯರು ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಔಷಧವನ್ನು ಕೊಟ್ಟು, ಅನಂತರ ಅರಿವಳಿಕೆಯ ಔಷಧವನ್ನೇ ಮಿತಿಮೀರಿದ ಪ್ರಮಾಣದಲ್ಲಿ ರಕ್ತನಾಳಕ್ಕೆ ಸೇರಿಸುತ್ತಾರೆ. ಮೊದಲು ಪ್ರಜ್ಞೆ, ಆ ಬಳಿಕ ಉಸಿರು ಮತ್ತು ಹೃದಯದ ಬಡಿತ ನಿಲ್ಲುತ್ತವೆ. ಕೆಲವೇ ನಿಮಿಷಗಳ ಕೆಲಸ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 13ನೆಯ ವಿಧಿಯೂ, ಬದುಕಿಸಿಡುವುದೇ ಕ್ರೌರ್ಯವೆನಿಸುವ ಸ್ಥಿತಿಗೆ ಬಂದ ಪ್ರಾಣಿಯನ್ನು ಕೊನೆಗಾಣಿಸಲು ಎಡೆಗೊಟ್ಟಿದೆ. ಹೀಗೆ ಮಾಡುವ ವೈದ್ಯರನ್ನು ಕಟುಕರೆಂದು ನಿಂದಿಸುವವರು ನಮ್ಮಲ್ಲಿದ್ದಾರೆ. ಅದು ಅಜ್ಞಾನ. ಆ ವೈದ್ಯರಲ್ಲಿ ಬಹುಮಂದಿ ಕರುಣೆಯಿಂದಲೇ ಸೂಜಿಯನ್ನು ಹಿಡಿಯುತ್ತಾರೆ. ಕರುಣೆಯಿಂದ ಮಾಡಿದ ವಧೆ ಅಹಿಂಸೆಯಾಗುವುದೇ ಎಂಬುದು ನಮ್ಮ ಪ್ರಶ್ನೆಯೇ ಹೊರತು, ವೈದ್ಯರ ಹೃದಯ ಎಂಥದೆಂಬುದಲ್ಲ.

ಈ ಪ್ರಶ್ನೆ ಹೊಸದೂ ಅಲ್ಲ. 1928ರಲ್ಲಿ ಅಹಮದಾಬಾದಿನ ಸಾಬರಮತಿ ಆಶ್ರಮದಲ್ಲಿ ಕರುವೊಂದು ವಾಸಿಯಾಗದ ಸ್ಥಿತಿಯಲ್ಲಿ ಬಿದ್ದಿತ್ತು. ಮಗ್ಗುಲು ಬದಲಿಸಿದರೂ ನರಳುತ್ತಿತ್ತು. ವೈದ್ಯರು ಕೈಬಿಟ್ಟ ಮೇಲೆ ಗಾಂಧೀಜಿ ಆಶ್ರಮದವರೊಡನೆ ಆಲೋಚಿಸಿ, ತಾವು ಎದುರಿಗೆ ನಿಂತು, ವೈದ್ಯರೊಬ್ಬರಿಂದ ವಿಷದ ಇಂಜೆಕ್ಷನ್ ಕೊಡಿಸಿದರು. ಎರಡು ನಿಮಿಷದೊಳಗೆ ಎಲ್ಲವೂ ಮುಗಿಯಿತು. ಅದನ್ನು ಅವರು ಮುಚ್ಚಿಡದೆ ತಮ್ಮ ಪತ್ರಿಕೆಗಳಲ್ಲಿಯೇ ಪ್ರಕಟಿಸಿದರು. ಗುಜರಾತಿನ ಜೈನ ಸಮಾಜ ಕೆರಳಿತು. ಕಟುವಾದ ಪತ್ರಗಳು ಬಂದವು. ಶ್ರೀಮದ್ ರಾಜಚಂದ್ರರ ಸಹವಾಸದಲ್ಲಿ ಅಹಿಂಸೆಯನ್ನು ಕುರಿತು ಚಿಂತಿಸಿದ್ದವರು ಹೀಗೆ ಮಾಡಿದರಲ್ಲಾ ಎಂಬ ನೋವು ಅನೇಕರಿಗೆ ಆಗಿರಲೇಬೇಕು.

ಆದರೆ ಬೈದವರಲ್ಲಿ ಎಷ್ಟು ಮಂದಿ ಗಾಂಧೀಜಿಯವರ ತರ್ಕವನ್ನು ಓದಿ ತೂಗಿದ್ದರೋ ತಿಳಿಯದು. ಇಂಥ ಕೃತ್ಯಕ್ಕೆ ಅವರು ನಾಲ್ಕು ನಿಬಂಧನೆಗಳನ್ನು ವಿಧಿಸಿದ್ದರು. ರೋಗ ಅಸಾಧ್ಯವಾಗಿರಬೇಕು, ಸುತ್ತಲಿನವರೆಲ್ಲರೂ ಆಸೆಯನ್ನು ತೊರೆದಿರಬೇಕು, ಯಾವ ಸೇವೆಗೂ ಎಡೆಯುಳಿದಿರಬಾರದು, ರೋಗಿಯ ಇಚ್ಛೆಯನ್ನು ತಿಳಿಯುವ ದಾರಿಯಿರಬಾರದು. ಈ ಪೈಕಿ ಮೂರನೆಯದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಆಚಾರ್ಯರು ಇದನ್ನು ಕಾಣದೆ ಹೋಗಿದ್ದರೆಂದು ಭಾವಿಸಬೇಕಾಗಿಲ್ಲ. ಸಮಯಸಾರಕ್ಕೆ ಆತ್ಮಖ್ಯಾತಿ ಟೀಕೆಯನ್ನು ಬರೆದ ಅಮೃತಚಂದ್ರಸೂರಿಗಳು ತಮ್ಮ ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಕೊಲ್ಲುವುದಕ್ಕೆ ಜನರು ಒಡ್ಡುವ ಸುಂದರವಾದ ನೆಪಗಳನ್ನು ಒಂದಾದ ಮೇಲೊಂದರಂತೆ ಎತ್ತಿಕೊಂಡು ನಿರಾಕರಿಸಿದ್ದಾರೆ. ಒಂದು ಕ್ರೂರ ಪ್ರಾಣಿಯನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆ ಎಂಬುದು ಒಂದು ನೆಪ. ಸುಖದಲ್ಲಿರುವವನನ್ನು ಕೊಂದರೆ ಮುಂದೆಯೂ ಸುಖಿಯಾಗಿರುತ್ತಾನೆಂಬ ವಿಚಿತ್ರ ವಾದವನ್ನೂ ಅವರು ಬಿಟ್ಟಿಲ್ಲ. ಇವೆರಡರ ನಡುವೆ ನಮ್ಮ ವಿಷಯವಿದೆ: ಬಹಳ ದುಃಖದಲ್ಲಿರುವ ಜೀವಿ ಬೇಗನೆ ದುಃಖದಿಂದ ಪಾರಾಗಲೆಂಬ ಭಾವನೆಯನ್ನೇ ಕತ್ತಿಯಾಗಿ ಹಿಡಿದು, ದುಃಖಿಯನ್ನೂ ಕೊಲ್ಲಕೂಡದೆಂಬುದು ಅವರ ಅಭಿಪ್ರಾಯ. ಸುಮಾರು ಸಾವಿರ ವರ್ಷಗಳ ಹಿಂದೆ ಅವರು ನೋಡಿದ ಆ ಕತ್ತಿಯೇ ಈಗ ಸೂಜಿಯಾಗಿದೆ.

ಇಲ್ಲಿ ಒಂದು ಬಲವಾದ ಶಂಕೆ ಏಳುತ್ತದೆ. ಪ್ರಮತ್ತಯೋಗದಿಂದ ಪ್ರಾಣಗಳನ್ನು ಅಗಲಿಸುವುದು ಹಿಂಸೆಯೆಂದಲ್ಲವೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೇಳುವುದು? ರಾಗಾದಿಗಳ ಉದಯವೇ ಹಿಂಸೆಯೆಂದು ಅಮೃತಚಂದ್ರರೂ ಒಪ್ಪಿದ್ದಾರೆ. ಕ್ರೋಧವಿಲ್ಲ, ಲೋಭವಿಲ್ಲ, ಮಾಂಸದಾಸೆಯಿಲ್ಲ, ಕೇವಲ ಕರುಣೆಯಿದೆ. ಅಂದ ಮೇಲೆ ಪ್ರಮತ್ತಯೋಗವೆಲ್ಲಿ, ಹಿಂಸೆಯೆಲ್ಲಿ?

ಈ ಶಂಕೆಗೆ ಸಮಾಧಾನವನ್ನು ಗ್ರಂಥದಲ್ಲಿ ಹುಡುಕುವ ಮೊದಲು ಆ ಕೊಠಡಿಯಲ್ಲಿ ನಿಂತಿರುವ ನಮ್ಮ ಮನಸ್ಸಿನಲ್ಲಿಯೇ ಹುಡುಕಬೇಕು. ಕಷಾಯಗಳು ನಾಲ್ಕು ಮಾತ್ರವಲ್ಲ. ಒಂಬತ್ತು ನೋಕಷಾಯಗಳೂ ಇವೆ. ಅವುಗಳಲ್ಲಿ ಅರತಿ, ಶೋಕ, ಭಯ, ಜುಗುಪ್ಸೆ ಎಂಬ ನಾಲ್ಕೂ ಅಲ್ಲಿ ನಮ್ಮೊಡನೆ ನಿಂತಿರುತ್ತವೆ. ನರಳುವ ದನಿಯನ್ನು ಕೇಳಲಾಗದೆಂಬುದು ಅರತಿ. ಅಗಲಿಕೆಯ ಅಳಲು ಶೋಕ. ಇನ್ನೂ ಏನೇನನ್ನು ನೋಡಬೇಕಾಗುವುದೋ ಎಂಬುದು ಭಯ. ಹುಣ್ಣಿನ ವಾಸನೆಗೂ ಮಲಮೂತ್ರಕ್ಕೂ ಮುಖವನ್ನು ತಿರುಗಿಸುವುದು ಜುಗುಪ್ಸೆ. "ಅದರ ಸಂಕಟವನ್ನು ನೋಡಲಾರೆ" ಎಂದು ನಾವು ಹೇಳುವಾಗ, ಆ ವಾಕ್ಯದ ಕರ್ತೃ ಯಾರು? ನಾಯಿಯಲ್ಲ, ನಾವು. ಪ್ರಾಣಿಯ ನೋವನ್ನು ಮುಗಿಸುವುದಕ್ಕೂ ನಮ್ಮ ನೋಟವನ್ನು ಮುಗಿಸುವುದಕ್ಕೂ ಇರುವ ಅಂತರವನ್ನು ಶೋಧಿಸಿ ನೋಡದವನು ತನ್ನಲ್ಲಿ ಪ್ರಮಾದವಿಲ್ಲವೆಂದು ಪ್ರಮಾಣ ಮಾಡಬಾರದು. ಗಾಂಧೀಜಿಯಂಥವರು ಹಾಗೆ ಶೋಧಿಸಿದ್ದರೆಂದು ಒಪ್ಪೋಣ. ಅದನ್ನು ನಮ್ಮ ಮನೆಯ ದೃಷ್ಟಾಂತವಾಗಿ ಎತ್ತಿಕೊಳ್ಳಲು ನಮಗೆ ಅಧಿಕಾರವಿಲ್ಲ.

ಇನ್ನು ಸಲ್ಲೇಖನದ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪರಿಹಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳು ಒದಗಿದಾಗ ಧರ್ಮಕ್ಕಾಗಿ ಶರೀರವನ್ನು ಬಿಡುವುದನ್ನು ಸಲ್ಲೇಖನವೆಂದಿದ್ದಾರೆ. ಶ್ರಾವಿಕೆಯವರು ಹಿಡಿದುದು ಈ ರೋಗವೆಂಬ ಪದವನ್ನು. ಆದರೆ ಬಿಡುವವನು ಯಾರು? ಶರೀರ ಯಾರದೋ ಅವನೇ. ವ್ರತವನ್ನು ತೆಗೆದುಕೊಳ್ಳಬಹುದಲ್ಲದೆ ಇನ್ನೊಬ್ಬರ ಮೇಲೆ ಹೊರಿಸಲಾಗದು. ನನ್ನ ಅಷ್ಟಮಿಯ ಉಪವಾಸವನ್ನು ನೆರೆಯವನು ಹೇಗೆ ಮಾಡಲಾರನೋ ಹಾಗೆಯೇ ನಾಯಿಯ ಸಲ್ಲೇಖನವನ್ನು ಅದರ ಒಡೆಯ ಮಾಡಲಾರ. ಅದೂ ಅಲ್ಲದೆ, ವ್ರತವನ್ನು ಸ್ವೀಕರಿಸಿದ ಕ್ಷಪಕನು ಸಹ ಮರಣ ಬೇಗ ಬರಲೆಂದು ಹಾರೈಸುವಂತಿಲ್ಲ. ಮರಣಾಶಂಸೆಯು ಸಲ್ಲೇಖನದ ಐದು ಅತಿಚಾರಗಳಲ್ಲಿ ಒಂದು. ತನ್ನ ಸಾವನ್ನೇ ಬಯಸಬಾರದವನು ಇನ್ನೊಂದು ಜೀವಿಯ ಸಾವನ್ನು ಗಂಟೆ ಗೊತ್ತುಮಾಡಿ ತರಿಸುವುದೆಂತು? ಆ ಸಮಂತಭದ್ರರೇ ಭಸ್ಮಕ ರೋಗದಿಂದ ಬೆಂದು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಕೊಡಲಿಲ್ಲವೆಂದು ಪರಂಪರೆ ಹೇಳುತ್ತದೆ.

2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ನಾವೆಲ್ಲರೂ ನೊಂದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಲ್ಲೇಖನ ಬೇರೆ, ಪ್ರಾಣವನ್ನು ಕಳೆಯುವುದು ಬೇರೆ ಎಂದು ಅಂದು ಊರೂರಿನಲ್ಲಿ ಸಾರಿದವರು ನಾವೇ. ಪಶುವೈದ್ಯರ ಮುಂದೆ ಅವೆರಡನ್ನೂ ಒಂದೆಂದರೆ ನಮ್ಮ ಮಾತನ್ನು ನಾವೇ ಮುರಿದಂತಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಪಾಠವಾದೀತು. ಮಿಕ್ಕ ಅರ್ಧವನ್ನು ನಾನು ಗ್ರಂಥದಿಂದಲ್ಲ, ನನ್ನ ತಪ್ಪಿನಿಂದ ಕಲಿತೆನು.

ಬಹಳ ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಒಂದು ನಾಯಿಯಿತ್ತು. (ಹಿಂಸ್ರ ಪ್ರಾಣಿಗಳನ್ನು ಸಾಕಬಾರದೆಂದು ಶ್ರಾವಕಾಚಾರಗಳಲ್ಲಿ ಮಾತಿದೆ, ನಾನು ಬಲ್ಲೆ. ಆದರೆ ಬಾಗಿಲಿಗೆ ಬಂದು ಹತ್ತು ವರ್ಷ ಅನ್ನ ತಿಂದ ಜೀವಿಗೆ ಕೊನೆಗಾಲದಲ್ಲಿ ಆ ಮಾತನ್ನು ತೋರಿಸುವುದು ಧರ್ಮವಲ್ಲ.) ಅದರ ಸೊಂಟ ಬಿದ್ದುಹೋದಾಗ ವೈದ್ಯರು ಸೂಜಿಯ ಮಾತೆತ್ತಿದರು. ನಾನು ಅಹಿಂಸೆಯನ್ನು ಕುರಿತು ಅವರಿಗೆ ಒಂದು ಭಾಷಣವನ್ನೇ ಮಾಡಿ, ನಾಯಿಯನ್ನು ಮನೆಗೆ ತಂದು ಹಿತ್ತಿಲ ಜಗಲಿಯಲ್ಲಿ ಮಲಗಿಸಿದೆನು. ಅದರ ಕರ್ಮ ಅದು ಅನುಭವಿಸಬೇಕೆಂದು ನೋವಿನ ಔಷಧವನ್ನೂ ಕೇಳಲಿಲ್ಲ. ರಾತ್ರಿ ನಿದ್ದೆ ಮಾಡಿದೆನು. ಮೂರನೆಯ ದಿನ ನೋಡಿದಾಗ ನೀರಿನ ಬಟ್ಟಲು ಅದರ ಮೂತಿಗೆ ಎಟುಕದಷ್ಟು ದೂರದಲ್ಲಿತ್ತು. ಮಲಗಿದ್ದ ಮಗ್ಗುಲು ಹುಣ್ಣಾಗಿ ಹುಳು ಬಿದ್ದಿತ್ತು.

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರವನ್ನು ಹೇರುವುದು, ಅನ್ನಪಾನ ನಿರೋಧ. ತರಗತಿಯಲ್ಲಿ ಮಕ್ಕಳಿಗೆ ನಾನು ಇವನ್ನು ಎಷ್ಟು ಸಲ ಒಪ್ಪಿಸಲು ಹೇಳಿದ್ದೆನೋ! ಐದನೆಯದು ನನ್ನ ಜಗಲಿಯಲ್ಲಿಯೇ ನಡೆದಿತ್ತು. ಸೂಜಿಯನ್ನು ಬೇಡವೆಂದವನಿಗೆ ಅದರಿಂದಲೇ ಅಹಿಂಸೆಯ ಫಲ ಬರುವುದಿಲ್ಲ. ಕರ್ಮೋದಯವೆಂದು ಕೈಕಟ್ಟಿ ಕೂರುವುದಾದರೆ ನಮ್ಮ ಹಲ್ಲುನೋವಿಗೆ ನಾವು ವೈದ್ಯರಲ್ಲಿಗೆ ಓಡಬಾರದು.

ಈಗ ಗಾಂಧೀಜಿಯವರ ಮೂರನೆಯ ನಿಬಂಧನೆಯನ್ನು ನೆನೆಯಬೇಕು: ಯಾವ ಸೇವೆಗೂ ಎಡೆಯುಳಿದಿರಬಾರದು. ನಾವು ಸೂಜಿಯನ್ನು ನಿರಾಕರಿಸುವುದು ಸೇವೆಗೆ ಇನ್ನೂ ಎಡೆಯಿದೆಯೆಂಬ ನಂಬಿಕೆಯಿಂದ. ಹಾಗಾದರೆ ಆ ಸೇವೆಯನ್ನು ಮಾಡಲೇಬೇಕು. ವೈಯಾವೃತ್ಯವೆಂಬ ಅಂತರಂಗ ತಪಸ್ಸು ಸಾಧುಗಳನ್ನು ಕುರಿತದ್ದೆಂಬುದು ನಿಜ. ಆದರೆ ಅದರ ಅಭ್ಯಾಸ ಮನೆಯಲ್ಲಿ ಬೇಡವೆಂದು ಯಾರೂ ಹೇಳಿಲ್ಲ. ಪಶುವೈದ್ಯರನ್ನು ಕೇಳಬೇಕಾದ ಮೊದಲನೆಯ ಮಾತು "ನೋವನ್ನು ತಗ್ಗಿಸಲು ಏನಿದೆ?" ಎಂಬುದು. ಇಂದು ನಾಯಿಗಳಿಗೆ ಕೊಡತಕ್ಕ ನೋವುನಿವಾರಕಗಳು ಹಲವಿವೆ. ಕ್ಯಾನ್ಸರ್ ನೋವಿಗೂ ಇವೆ. ಮನುಷ್ಯರ ಮಾತ್ರೆಗಳನ್ನು ಮಾತ್ರ ತಾವಾಗಿ ಕೊಡಕೂಡದು. ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಘಾತಕ. ಏಳಲಾರದ ಪ್ರಾಣಿಯನ್ನು ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು, ಮೆತ್ತನೆಯ ಒಣ ಹಾಸಿಗೆಯಿರಬೇಕು, ನೊಣ ಕೂರದಂತೆ ಕಾಯಬೇಕು, ನೀರು ಮೂತಿಯ ಬಳಿಯಲ್ಲಿರಬೇಕು. ಅದು ತಾನಾಗಿ ಆಹಾರವನ್ನು ಬಿಟ್ಟಾಗ, ಸಾವು ಸಮೀಪಿಸಿದೆಯೆಂದು ವೈದ್ಯರು ಹೇಳಿದರೆ, ಗಂಟಲಿಗೆ ತುರುಕುವ ಅಗತ್ಯವಿಲ್ಲ. ಇದು ಅನ್ನಪಾನ ನಿರೋಧವಲ್ಲ. ನಿರೋಧವೆಂದರೆ ಬೇಡುವ ಜೀವಿಗೆ ತಡೆಯುವುದು.

ಎಲ್ಲ ನೋವನ್ನೂ ಔಷಧ ಮುಟ್ಟುತ್ತದೆಯೇ? ಇಲ್ಲ. ಇದನ್ನು ಮುಚ್ಚಿಡುವುದು ಸತ್ಯಾಣುವ್ರತಕ್ಕೆ ಸಲ್ಲದು. ಆಗಲೂ ನೋವಡಗಿಸುವ ಉದ್ದೇಶದಿಂದ ನಿದ್ದೆ ಬರಿಸುವ ಔಷಧವನ್ನು ವೈದ್ಯರು ಕೊಡಬಲ್ಲರು. ನೋವಳಿಯಲೆಂದು ಕೊಟ್ಟದ್ದಕ್ಕೂ ಪ್ರಾಣವಳಿಯಲೆಂದು ಕೊಟ್ಟದ್ದಕ್ಕೂ ಸಂಕಲ್ಪದಲ್ಲಿ ಭೇದವಿದೆ. ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆ, ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪ ಎಷ್ಟು ಜನ್ಮಗಳಿಗೆ ಎಳೆಯಿತೆಂಬುದನ್ನು ವಿವರಿಸಬೇಕಾಗಿಲ್ಲ.

ಮಾಡಬಹುದಾದ ಇನ್ನೊಂದು ಸೇವೆಯಿದೆ. 1424ರಲ್ಲಿ ಭಾಸ್ಕರಕವಿ ಕನ್ನಡದಲ್ಲಿ ಹೇಳಿದ ಜೀವಂಧರನ ಕಥೆಯಲ್ಲಿ, ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರನು ಪಂಚನಮಸ್ಕಾರವನ್ನು ಉಚ್ಚರಿಸುತ್ತಾನೆ. ಆ ನಾಯಿ ಸುದರ್ಶನ ಯಕ್ಷನಾಗಿ ಹುಟ್ಟುತ್ತದೆ. ಜೀವಂಧರನ ಸೊಂಟದಲ್ಲಿ ಕತ್ತಿಯಿತ್ತು. ಒಂದೇ ಏಟಿಗೆ ಅದರ ನೋವನ್ನು ಮುಗಿಸಬಹುದಾಗಿತ್ತು. ಅವನು ಬಾಗಿ ಕುಳಿತನು.

ಸೂಜಿಗೆ ಈಗಾಗಲೇ ಒಪ್ಪಿಗೆ ಕೊಟ್ಟು ಬಂದು ಕೊರಗುತ್ತಿರುವವರೂ ಈ ಪುಟವನ್ನು ಓದುತ್ತಿರಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ನಿಮ್ಮದು ಎರಡನೆಯದು. ವೈದ್ಯರ ಮೇಲೆ ಹಾಕಿ ಕಳೆದುಕೊಳ್ಳಲಾಗದು. ಆದರೆ ಆಸ್ರವದಲ್ಲಿ ತೀವ್ರಭಾವ ಮಂದಭಾವಗಳ ವ್ಯತ್ಯಾಸವುಂಟೆಂದು ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯ ಹೇಳಿದೆ. ಅಳುತ್ತ ಒಪ್ಪಿದವರನ್ನೂ ನಗುತ್ತ ಬೇಟೆಯಾಡಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವವರು ಆ ಅಧ್ಯಾಯವನ್ನು ಓದಿಲ್ಲ. ಗುರುಗಳ ಬಳಿ ಆಲೋಚನೆ ಮಾಡಿ, ಅವರು ವಿಧಿಸಿದ ಪ್ರಾಯಶ್ಚಿತ್ತವನ್ನು ಸ್ವೀಕರಿಸಿರಿ. ನನ್ನ ಜಗಲಿಯ ವಿಷಯವನ್ನು ನಾನೂ ಹಾಗೆಯೇ ಒಪ್ಪಿಸಿದ್ದೇನೆ.

ಆ ಶ್ರಾವಿಕೆಯವರು ನಾಯಿಯನ್ನು ಮನೆಗೆ ಕರೆದೊಯ್ದರು. ಅನಂತ ಚತುರ್ದಶಿಯ ಬೆಳಿಗ್ಗೆ ದೂರವಾಣಿಯಲ್ಲಿ ಕೇಳಿದರು: ತಾವು ಉಪವಾಸದಲ್ಲಿರುವುದಾಗಿಯೂ, ನಾಯಿಯನ್ನು ಬಿಟ್ಟು ಅಭಿಷೇಕಕ್ಕೆ ಬರಲಾಗದೆಂದೂ, ಇದರಿಂದ ವ್ರತಕ್ಕೆ ಭಂಗವೇ ಎಂದೂ. ಭಂಗವಿಲ್ಲ, ಅಲ್ಲಿಯೇ ಕುಳಿತು ಜಪ ಮಾಡಿರಿ ಎಂದೆನು. ಅದಾದ ಎಂಟನೆಯ ದಿನ ನಾಯಿ ತೀರಿಕೊಂಡಿತು. ನಾನು ಹೋದಾಗ ಮಗ್ಗುಲು ಬದಲಿಸಿದ ಹೊತ್ತುಗಳನ್ನು ಮನೆಯವರು ಸರದಿಯಂತೆ ಬರೆದಿಟ್ಟ ಹಾಳೆ ಇನ್ನೂ ಗೋಡೆಯ ಮೇಲಿತ್ತು. ರಾತ್ರಿ ಎರಡು ಗಂಟೆಯ ಸಾಲುಗಳೆಲ್ಲ ಶಾಲೆಗೆ ಹೋಗುವ ಅವರ ಮಗನ ಕೈಬರಹದಲ್ಲಿದ್ದವು.