ಕೇಳಿಸುವಂತೆ ಓದು

ಮಗಾ, ಸಂಘದ ಖಜಾಂಚಿ ಆದೆಯಂತೆ, ಸಂತೋಷ. ಆದರೆ ಮೊನ್ನೆ ಸೋಮವಾರಪೇಟೆ ಸಂತೆಯಲ್ಲಿ ಸಿಕ್ಕಾಗ, "ಗಣೇಶೋತ್ಸವದ ಲೆಕ್ಕಕ್ಕೂ ಆಡಿಟ್ ಬೇಕಂತೆ ತಾತಾ, ನನ್ನ ಮೇಲೆ ನಂಬಿಕೆ ಇಲ್ಲವಾ?" ಎಂದು ಸಿಡುಕಿದೆಯಲ್ಲ, ಅದಕ್ಕೇ ಈ ಕಾಗದ.

ಆಡಿಟ್ ಎಂದರೆ ಕಳ್ಳನನ್ನು ಹುಡುಕುವುದಲ್ಲ. ಲ್ಯಾಟಿನ್ನಿನ 'ಆಡಿಟುಸ್' ಎಂದರೆ ಕಿವಿಗೊಡುವುದು. ಆಡಿಯೋ, ಆಡಿಟೋರಿಯಂ ಎಲ್ಲ ಅದರ ದಾಯಾದಿಗಳೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪಾರುಪತ್ಯಗಾರ ಲೆಕ್ಕವನ್ನು ಗಟ್ಟಿಯಾಗಿ ಒಪ್ಪಿಸಬೇಕಿತ್ತು, ಕೂತು ಕೇಳುವವನೇ ಆಡಿಟರ್. ನಮ್ಮ 'ಲೆಕ್ಕಪರಿಶೋಧನೆ'ಯಲ್ಲಿ ಆ ಕಿವಿಯೇ ಮಾಯ. ಆದರೆ ನಮ್ಮದೇ 'ಕೇಳು' ಇದೆ ನೋಡು, ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಒಂದೇ ಪದ!

ನಾನು ಕಾಫಿ ತೋಟದಲ್ಲಿ ರೈಟರ್ ಆಗಿದ್ದೆ, ಗೊತ್ತಲ್ಲ. ಕುಯ್ಲಿನ ದಿನಗಳಲ್ಲಿ ಸಂಜೆ ಕಣದಲ್ಲಿ ಹಣ್ಣಿನ ಚೀಲ ತೂಗಿ, ಕಿಲೋ ಲೆಕ್ಕ ಬರೆದುಕೊಳ್ಳುವುದು ನನ್ನ ಕೆಲಸ. ಚಳಿ, ಮನೆಗೆ ಹೋಗುವ ಆತುರ. ಮುಳ್ಳು ಮೂವತ್ತೆಂಟೂವರೆ ತೋರಿಸಿದರೆ ಮೂವತ್ತೆಂಟು ಎಂದು ಗೀಚುತ್ತಿದ್ದೆ. ಒಂದು ಸಂಜೆ ಅಕ್ಷರ ಬಾರದ ಹೆಂಗಸೊಬ್ಬಳು, "ಬರೆದದ್ದನ್ನ ಕೂಗಿ ಹೇಳಿ ರೈಟ್ರೇ" ಎಂದಳು. ಕೂಗಿದೆ. "ಅರ್ಧ ಎಲ್ಲಿ ಹೋಯ್ತು?" ಎಂದಳು. ಆ ಅರ್ಧ ನನ್ನ ಜೇಬಿಗೇನೂ ಹೋಗಿರಲಿಲ್ಲ, ಆದರೂ ಮುಖ ಬಿಸಿಯಾಯಿತು. ಮರುದಿನದಿಂದ ಪ್ರತಿ ತೂಕವನ್ನೂ ಕೂಗಿಯೇ ಬರೆದೆ.

ಇಂಗ್ಲೆಂಡಿನಲ್ಲಿ ಕೇಳುತ್ತಿದ್ದವನು ಒಡೆಯನ ಕಡೆಯವನು. 1994ರಲ್ಲಿ ರಾಜಸ್ಥಾನದಲ್ಲಿ ಅರುಣಾ ರಾಯ್ ಮತ್ತು ಸಂಗಾತಿಗಳ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಅದನ್ನು ತಿರುಗಿಸಿ ಹಾಕಿತು. 'ಜನ್ ಸುನ್‌ವಾಯಿ' ಎಂದು ಜನ ಸೇರಿಸಿ, ಸರ್ಕಾರಿ ಕಾಮಗಾರಿಯ ಹಾಜರಿಪಟ್ಟಿಯನ್ನು ಕೂಲಿಗಳೆದುರೇ ಓದಿದರು. ಕೆಲಸಕ್ಕೆ ಬಾರದವರ ಹೆಸರಲ್ಲೂ ಕೂಲಿ ಬಿದ್ದದ್ದು ಬಯಲಾಯಿತು. ಸುನ್‌ವಾಯಿ ಎಂದರೂ ಕೇಳುವುದೇ ತಾನೆ! 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಮು ಸೋಷಿಯಲ್ ಆಡಿಟ್ ಅನ್ನು ಗ್ರಾಮಸಭೆಗೇ ವಹಿಸಿತು.

ವಾಟ್ಸಾಪಿಗೆ ಎಕ್ಸೆಲ್ ಹಾಕಿ ಕೈತೊಳೆದುಕೊಳ್ಳಬೇಡ, ಅದನ್ನು ತೆರೆಯುವವರು ನಾಲ್ವರೂ ಇಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು ಓದು. ಶಾಮಿಯಾನ, ಡೋಲು, ಹೂವು, ರಸೀದಿ ಕಳೆದುಹೋದ ಆ ಡೀಸೆಲ್ ಖರ್ಚನ್ನೂ ಬಿಡಬೇಡ. ಓದಿ ಮುಗಿದ ಕೂಡಲೇ ಕೂತುಬಿಡಬೇಡ. ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ, ಅಷ್ಟು ಹೊತ್ತು ನಿಂತಿರು.